ಎಡೆಕುಂಟೆ ಹಾಯ್ದ ಹೊಲದಲ್ಲಿ ತೇವ ಉಳಿಯುವುದೇಕೆ?

ಮಳೆ ಕೈಕೊಟ್ಟು ಪಕ್ಷವೊಂದು ಕಳೆದರೂ,
ಒಂದು ಹೊಲದ ಮೆಕ್ಕೆಜೋಳ ಹಸುರಾಗಿಯೇ ನಿಂತು,
ಬದುವಿನಾಚೆಯದು ಮಧ್ಯಾಹ್ನಕ್ಕೆ ಗರಿ ಸುತ್ತಿಕೊಳ್ಳುವುದೇಕೆ?

ಹಣತೆಯ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವಂತೆ,
ಗಟ್ಟಿಗೊಂಡ ನೆಲದ ಸೂಕ್ಷ್ಮರಂಧ್ರಗಳು
ಆಳದ ತೇವವನ್ನು ಮೇಲ್ಮೈಗೆ ತಂದು
ಬಿಸಿಲಿಗೆ ಒಪ್ಪಿಸುತ್ತಿರುತ್ತವೆ.
ಸಾಲುಗಳ ನಡುವೆ ಎಡೆಕುಂಟೆ ಹಾಯ್ದೊಡನೆ
ಆ ಬತ್ತಿ ತುಂಡಾಗಿ,
ಸಡಿಲಗೊಂಡ ಮೇಲ್ಮಣ್ಣು ತಾನೊಣಗಿ,
ಕೆಳಗಿನ ಆರ್ದ್ರತೆಯನ್ನು ಕಾಯುತ್ತದೆ;
ಎರೆಭೂಮಿಯ ಬಿರುಕುಗಳೂ ಮುಚ್ಚಿಕೊಳ್ಳುತ್ತವೆ.
ಕುಂಟೆ ಆಳಕ್ಕಿಳಿಯದಿರಲಿ, ಬೇರು ಹರಿದೀತು.

ಕಳೆ ಕುಡಿಯುವ ನೀರು ಪೈರಿನ ಪಾಲಿನದೇ ಆದುದರಿಂದ,
ಬಿತ್ತಿದ ಮೊದಲ 30ರಿಂದ 45 ದಿನಗಳವರೆಗೆ
ಸಾಲುಗಳು ಶುಚಿಯಾಗಿರುವುದು ಅತ್ಯವಶ್ಯ.

ಇನ್ನು ಹುಳು.
2018ರಲ್ಲಿ, ಭಾರತದಲ್ಲಿಯೇ ಮೊದಲಿಗೆ,
ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡ
ಫಾಲ್ ಸೈನಿಕ ಹುಳು ಇದು. ಸಮೀಪದಿಂದ ನೋಡಿರಿ:
ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತು,
ಬಾಲದ ಬಳಿ ಚೌಕಾಕಾರದಲ್ಲಿ 4 ಕಪ್ಪು ಚುಕ್ಕೆಗಳು.
ಹಗಲೆಲ್ಲ ಸುಳಿಯೊಳಗೆ ಅಡಗಿದ್ದು,
ಎಳೆಯ ಎಲೆಗಳನ್ನು ಹರಿದು ಭಕ್ಷಿಸಿ,
ಒದ್ದೆ ಹಿಕ್ಕೆಯನ್ನು ಅಲ್ಲಿಯೇ ತುಂಬಿಡುತ್ತದೆ.

ಪೈರು ಮೊಳಕಾಲೆತ್ತರವಾಗುವ ಮುನ್ನವೇ
ವಾರಕ್ಕೆರಡಾವರ್ತಿ ಹೊಲದೊಳಗೆ ನಡೆದಾಡಿ,
ಎಲೆಗಳನ್ನು ತಿರುವಿ ನೋಡುತ್ತ,
ನವಿರುರೋಮ ಮುಚ್ಚಿದ ಮೊಟ್ಟೆಗುಂಪು ಕಂಡಲ್ಲಿ
ಬೆರಳಿನಿಂದಲೇ ಹೊಸಕಿಬಿಡಿರಿ.
ಅದೇ ಅತ್ಯುತ್ತಮವಾದ ಉಪಾಯವೆಂಬುದು ನನ್ನ ದೃಢವಾದ ಅಭಿಪ್ರಾಯ;
ಏಕೆಂದರೆ ಬಲಿತ ಹುಳು ಸುಳಿಯ ಆಳವನ್ನು ಸೇರಿ
ಹಿಕ್ಕೆಯ ಮರೆಯಲ್ಲಿ ಕುಳಿತ ಮೇಲೆ,
ಯಾವ ಔಷಧಿಯೂ ಅದನ್ನು ಮುಟ್ಟುವುದು ದುಸ್ಸಾಧ್ಯ.
ಸಿಂಪಡಣೆ ಅನಿವಾರ್ಯವಾದರೆ,
ಹುಳು ಚಿಕ್ಕದಿರುವಾಗಲೇ, ಮುಂಜಾನೆ ಅಥವಾ ಸಂಜೆ,
ದ್ರಾವಣವು ನೇರವಾಗಿ ಸುಳಿಯೊಳಗಿಳಿಯುವಂತೆ ಸಿಂಪಡಿಸಿರಿ.