ಕಾಡು, ಕಾನು, ಬೆಟ್ಟ: ಎಲ್ಲ ಒಂದೇನಾ?

'ಎಸ್ಕಿಮೊಗಳಿಗೆ ಹಿಮಕ್ಕೆ ನೂರು ಪದ' ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ನೂರು ಎಂಬ ಲೆಕ್ಕ ಉತ್ಪ್ರೇಕ್ಷೆ. ಆದರೆ ಬದುಕಿಗೆ ಬೇಕಾದ ಜಾಗಗಳಿಗೆ ಜನ ಬೇರೆ ಬೇರೆ ಹೆಸರಿಡುವುದು ನಿಜ.

ಕ್ಯಾಸನೂರು ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಆ ಸೀಮೆಯಲ್ಲಿ ಮರವಿದ್ದ ಜಾಗವೆಲ್ಲ ಬರೀ 'ಕಾಡು' ಅಲ್ಲ.

ಕಾನು: ನೀರಿನಾಸರೆಯ ದಟ್ಟ ನಿತ್ಯಹಸಿರು ಕಾಡು. ಕಾಳುಮೆಣಸು, ಬಗನಿ ಸಿಗುವ ಜಾಗ. ದೇವರಕಾನಿನಲ್ಲಿ ಕೊಡಲಿ ಹಾಕುವಂತಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ದಾಖಲಿಸಿದ್ದರು.

ಸೊಪ್ಪಿನ ಬೆಟ್ಟ: ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಜಾಗ. ಎತ್ತರದ ಬೆಟ್ಟವೇ ಆಗಬೇಕಿಲ್ಲ. ಇಲ್ಲಿ ಹೆಸರು ಬಂದಿರುವುದು ಉಪಯೋಗದಿಂದ.

ಇದು ಬರೀ ಪದಗಳ ಮಾತಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಕಾನು, ಸೊಪ್ಪಿನ ಬೆಟ್ಟ ಎಂಬ ಹೆಸರುಗಳೇ ಇವೆ. ಅಲ್ಲಿ ಹಿಂದಿನಿಂದ ಇದ್ದ ಸೌಲಭ್ಯಗಳು ಮುಂದುವರಿಯುತ್ತವೆ ಎನ್ನುತ್ತದೆ ಕಾಯ್ದೆ. ಸೌಲಭ್ಯವೆಂದರೆ ಒಡೆತನವಲ್ಲ, ಸವರಿ ತೋಟ ಮಾಡುವ ಪರವಾನಗಿಯೂ ಅಲ್ಲ.

ಹಾಗಾಗಿ ಯಾರಾದರೂ ಕಾನನ್ನು 'ಖಾಲಿ ಜಾಗ' ಎಂದರೆ ನಂಬಬೇಡಿ. ಆ ಒಂದು ಪದದ ಹಿಂದೆ ಊರಿನ ನೀರು, ಸೊಪ್ಪು, ದೇವರು ಎಲ್ಲ ಇವೆ.