ಗಲ್ಲಾಪೆಟ್ಟಿಗೆಗೆ ಗಂಟೆ ಯಾಕೆ ಬಂತು?

ಶಂಕರಘಟ್ಟದಲ್ಲಿ ಟೀ ಕುಡಿದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ, ಕೌಂಟರ್ ಮೇಲಿನ ಪುಟ್ಟ ಡಬ್ಬ ದುಡ್ಡು ಬಂತು ಅಂತ ಕೂಗಿ ಹೇಳುತ್ತೆ ಅಲ್ವಾ? ಇವತ್ತು ಆ ಡಬ್ಬದ ಮುತ್ತಜ್ಜನ ಕಥೆ ಹೇಳ್ತೀನಿ.

ನಮ್ಮ ಶಿವಮೊಗ್ಗ, ಭದ್ರಾವತಿ ಕಡೆಯ ಹಳೇ ಅಂಗಡಿಗಳಲ್ಲಿ ಇದ್ದಿದ್ದು ಮರದ ಗಲ್ಲಾಪೆಟ್ಟಿಗೆ. ಗಲ್ಲಾದಲ್ಲಿ ಯಜಮಾನರೇ ಕೂತಿದ್ರೆ ಕಾವಲಿಗೆ ಅವರ ಕಣ್ಣೇ ಸಾಕು. ಅವರು ಇಲ್ಲದಾಗ?

ಅಮೆರಿಕದ ಡೇಟನ್‌ನಲ್ಲಿ ಬಾರ್ ನಡೆಸ್ತಿದ್ದ ಜೇಮ್ಸ್ ರಿಟ್ಟಿಗೂ ಇದೇ ತಲೆನೋವು. ಹಡಗಿನಲ್ಲಿ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸೋ ಯಂತ್ರ ನೋಡಿದಾಗ ಅವನಿಗೆ ಉಪಾಯ ಹೊಳೀತಂತೆ. ಸಹೋದರ ಜಾನ್ ಜೊತೆ ಸೇರಿ 1879ರಲ್ಲಿ ಪೇಟೆಂಟ್ ಪಡೆದ. ತಮಾಷೆ ಅಂದ್ರೆ, ಆ ಮೊದಲ ಯಂತ್ರದಲ್ಲಿ ದುಡ್ಡಿಡೋಕೆ ಡ್ರಾಯರೇ ಇರಲಿಲ್ಲ! ಕೀಲಿ ಒತ್ತಿದ್ರೆ ಗಡಿಯಾರದಂಥ ಮುಖದ ಮೇಲೆ ಮೊತ್ತ ಕಾಣಿಸ್ತಿತ್ತು, ಅಷ್ಟೇ. ಡ್ರಾಯರ್, ಗಂಟೆ ಆಮೇಲೆ ಸೇರಿದವು. ಮಾರಾಟದ ಮೊತ್ತ ಒತ್ತಿದಾಗ ಡ್ರಾಯರ್ ತೆರೀತಿತ್ತು, ಜೊತೆಗೆ 'ಟಿಂಗ್' ಅಂತ ಸದ್ದು. ಒಳಗಿದ್ದ ಯಜಮಾನನ ಕಿವಿಗೂ ಅದು ಬೀಳ್ತಿತ್ತು.

ಆಗ ಅನುಮಾನ ಇದ್ದಿದ್ದು ಕೆಲಸದವರ ಮೇಲೆ. ಈಗ ನಮ್ಮ ಮೇಲೆ, ಅಂದ್ರೆ ಗಿರಾಕಿಗಳ ಮೇಲೆ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳೋರು ಇದ್ದಾರಲ್ಲ! ಆದ್ರೆ ಲೆಕ್ಕ ಹೇಳೋ ಯಂತ್ರ ನಿಯತ್ತಿನ ಕೆಲಸಗಾರನಿಗೆ ಸಾಕ್ಷಿಯೂ ಹೌದು.

ಅದಕ್ಕೇ ಪೇ ಮಾಡಿದ ತಕ್ಷಣ ಓಡಬೇಡಿ. ಡಬ್ಬ ಮಾತಾಡೋವರೆಗೂ ಒಂದು ಕ್ಷಣ ನಿಲ್ಲಿ. ದುಡ್ಡು ಬರದೇ ಇದ್ರೆ, ಸಂಜೆ ಲೆಕ್ಕ ಕೊಡಬೇಕಾದವನು ಕೌಂಟರ್ ಹುಡುಗ.