ಕೈಪಿಡಿಯ ತಪ್ಪು–ಒಪ್ಪು

ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಒಂದು ಪುಟವಿರುತ್ತಿದ್ದುದನ್ನು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತವರೆಲ್ಲರೂ ಕಂಡಿರಬಹುದು. ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಅಂಕಣ. ಆ ಪುಟವನ್ನು ಓದದೆಯೇ ಪುಸ್ತಕ ಮುಚ್ಚುವವರಲ್ಲಿ ನಾನೂ ಒಬ್ಬನಾಗಿದ್ದೆ. ಕಳೆದ ಬೇಸಿಗೆಯ ಸೂಟಿಯಲ್ಲಿ ಅಂಥದೊಂದು ಪುಟವನ್ನು ನಾನೇ ಬರೆಯಬೇಕಾಗಿ ಬಂದಿತು. ಅದೂ ಕಾವ್ಯಕ್ಕಲ್ಲ, ಶಾಸ್ತ್ರಗ್ರಂಥಕ್ಕಲ್ಲ. ಹಾಲಿನ ಲೆಕ್ಕವಿಡುವ ಒಂದು ತಂತ್ರಾಂಶದ ಕೈಪಿಡಿಗೆ!

ನನ್ನ ಸೋದರಮಾವ ಮೂಡಲಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಹಾಲಿನ ಸಂಘದ ಕಾರ್ಯದರ್ಶಿ. ಏಳನೆಯ ಇಯತ್ತೆಯವರೆಗೆ ಓದಿದವರು. ಅಕ್ಷರ ದುಂಡಗೆ, ಲೆಕ್ಕ ಚೊಕ್ಕ. ಸಂಘಕ್ಕೆ ಗಣಕಯಂತ್ರ ಬಂದಾಗ ಅದರೊಡನೆ ಕನ್ನಡದಲ್ಲಿ ಅಚ್ಚಾದ ಒಂದು ಕೈಪಿಡಿಯೂ ಬಂದಿತು. ಮಾವ ಅದನ್ನು ಸಾಲಿಯ ಪಾಠದಂತೆ ಗೆರೆ ಎಳೆದು ಓದಿದರು. ಒಂದು ದಿನ ಬೆಳಗಿನ ಹಾಲಿನ ತೂಕ, ಕೊಬ್ಬಿನ ಅಂಶ ಎಲ್ಲವನ್ನೂ ತುಂಬಿ, ಕೈಪಿಡಿ ಹೇಳಿದ ಗುಂಡಿಯನ್ನು ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಪ್ರಶ್ನೆ ಬಂದಿತು, ಹೌದೆಂದರು. ಆ ಹೊತ್ತಿನ ಲೆಕ್ಕವೆಲ್ಲ ಮಾಯವಾಯಿತು. ಸದಸ್ಯರ ಕಾರ್ಡುಗಳನ್ನು ಮನೆಮನೆಯಿಂದ ತರಿಸಿ ಮತ್ತೆ ಬರೆದುಕೊಳ್ಳುವಷ್ಟರಲ್ಲಿ ಸಂಜೆಯ ಹಾಲು ಬಂದು ನಿಂತಿತ್ತು. ಆಡಳಿತ ಮಂಡಳಿಯ ಒಬ್ಬರು, “ಕಲತಾವರನ್ನ ಇಡಬೇಕಿತ್ತು” ಎಂದು ಎಲ್ಲರ ಮುಂದೆ ಅಂದರಂತೆ.

ನಾನು ಹೋದಾಗ ಮಾವ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದರು. “ನಾ ಕಲತಿಲ್ಲಲ್ಲಪಾ ತಮ್ಮಾ, ನಂದ ತಪ್ಪು ಇರಬೇಕು. ನೀ ಕಾಲೇಜು ಕಲಿಯಾಂವ, ನೀನ ಒಂದೀಟು ನೋಡು” ಎಂದು ಕೈಪಿಡಿಯನ್ನು ಕೊಟ್ಟರು. ಅವರು ಗೆರೆ ಎಳೆದ ಸಾಲು ಹೀಗಿತ್ತು: ‘ದಿನದ ಲೆಕ್ಕ ತುಂಬಿದ ನಂತರ ಅಳಿಸು ಗುಂಡಿಯನ್ನು ಒತ್ತಿರಿ.’ ಇರಬೇಕಾದುದು ‘ಉಳಿಸು’. ಮೊದಲಿನ ಒಂದು ಅಕ್ಷರ ಬದಲಾದರೆ ಕಾಯುವ ಕೆಲಸವು ಕೊಲ್ಲುವ ಕೆಲಸವಾಗುವದು! ಮಾವ ಓದಲು ಬಾರದೆ ತಪ್ಪಿದವರಲ್ಲ. ಇದ್ದುದನ್ನು ಇದ್ದಂತೆ ಓದಿ ಕೆಟ್ಟವರು.

ಇಂಥ ತಪ್ಪನ್ನು ಯಂತ್ರವೇ ಏಕೆ ಹಿಡಿಯಲಿಲ್ಲವೆಂದು ವಾಚಕರು ಕೇಳಬಹುದು. ಕಾಗುಣಿತ ಪರೀಕ್ಷಿಸುವ ತಂತ್ರಾಂಶಗಳುಂಟು. ಆದರೆ ಅವು ನೋಡುವದು ಶಬ್ದವು ತಮ್ಮ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದನ್ನು. ‘ಅಳಿಸು’ ಒಳ್ಳೆಯ ಶಬ್ದ, ‘ಉಳಿಸು’ ಒಳ್ಳೆಯ ಶಬ್ದ. ಯಂತ್ರಕ್ಕೆ ಎರಡೂ ಒಂದೇ. ಮೇಲಾಗಿ ಕನ್ನಡದಲ್ಲಿ ಶಬ್ದಕ್ಕೆ ಪ್ರತ್ಯಯ ಹತ್ತಿ, ಅದಕ್ಕೆ ಇನ್ನೊಂದು ಹತ್ತಿ, ‘ಉಳಿಸಬೇಕಾಗಿದ್ದರಿಂದಲೇ’ ಎಂದು ಬೆಳೆಯುತ್ತ ಹೋಗುವದರಿಂದ ಎಷ್ಟು ದೊಡ್ಡ ಪಟ್ಟಿಯೂ ಸಾಲದು. ಹಂಗೇರಿ ದೇಶದವರ ಭಾಷೆಗೂ ಇದೇ ಸ್ವಭಾವವಿದೆ. ಆದ್ದರಿಂದಲೇ ಅಲ್ಲಿ ಹುಟ್ಟಿದ ‘ಹನ್‌ಸ್ಪೆಲ್’ ಎಂಬ ಪರೀಕ್ಷಕವು ಮೂಲಶಬ್ದಗಳ ಪಟ್ಟಿಯನ್ನೂ ಪ್ರತ್ಯಯಗಳ ನಿಯಮಗಳನ್ನೂ ಬೇರೆಬೇರೆ ಇಟ್ಟುಕೊಂಡು ಕೆಲಸ ಮಾಡುವದು. ಹಾಗಿದ್ದರೂ ಅರ್ಥವನ್ನು ನೋಡಲಿಕ್ಕೆ ಮನುಷ್ಯನ ಕಣ್ಣೇ ಬೇಕು.

ಕೆಂಪು ಶಾಯಿಯ ಪೆನ್ನು ಹಿಡಿದು ಮೊದಲ ಪುಟದಿಂದ ಕುಳಿತೆ. ‘ಸಮಯ’ವು ‘ಸವಯ’, ‘ಕ್ರಮಸಂಖ್ಯೆ’ಯು ‘ಕ್ರವಸಂಖ್ಯೆ’, ‘ವರ್ಷ’ವು ‘ವಷರ್’. ನಮ್ಮ ಮಾವನ ಹುದ್ದೆಯಂತೂ ‘ಕಾಯರ್ದಶಿರ್’ ಆಗಿತ್ತು! ಬರೆದವರು ಕನ್ನಡವನ್ನೇ ಅರಿಯದವರೆಂದು ಮೊದಲು ನಕ್ಕೆ. ಆಮೇಲೆ ವಿಚಾರಿಸಿದಾಗ ನಗು ನಿಂತಿತು. ಕನ್ನಡಕ್ಕೆ ಯುನಿಕೋಡಿನಲ್ಲಿ 128 ಮನೆಗಳ ಸ್ಥಳ ದೊರೆತದ್ದು 1991ರಲ್ಲಿ. ಆದರೂ ಅದು ಬಳಕೆಗೆ ಬರುವ ತನಕ ಬಹಳ ವರ್ಷ ನಾವು ಗಣಕದಲ್ಲಿ ಅಕ್ಷರವನ್ನಲ್ಲ, ಅಕ್ಷರದ ತುಣುಕುಗಳನ್ನು ಕೂಡಿಸಿಡುತ್ತಿದ್ದೆವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡಿಗರ ಕೈಗೆ ಕೀಲಿಮಣೆ ಕೊಟ್ಟವು. ಆ ಉಪಕಾರ ಸಣ್ಣದಲ್ಲ. ಆ ಕಾಲದ ತುಣುಕಿನ ಪದ್ಧತಿಯಲ್ಲಿ ‘ವ’ ಅಕ್ಷರಕ್ಕೆ ಬಲಗಡೆ ಒಂದು ಕೊಂಬನ್ನು ಹಚ್ಚಿದರೆ ‘ಮ’. ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವಾಗ ಆ ಕೊಂಬು ಕಳಚಿತೆಂದರೆ ‘ಮ’ ಹೋಗಿ ‘ವ’ ಉಳಿಯುವದು. ಅರ್ಕಾವತ್ತಿನದು ಇನ್ನೊಂದು ಕಥೆ. ಕಣ್ಣಿಗೆ ಅದು ಅಕ್ಷರದ ಹಿಂದೆ ಕಾಣುವದರಿಂದ ಹಳೆಯ ಪದ್ಧತಿಯಲ್ಲಿ ಹಿಂದೆಯೇ ಇಡುತ್ತಿದ್ದರು. ಯುನಿಕೋಡಿನಲ್ಲಿ ಉಚ್ಚಾರದಂತೆ ಮುಂದಿಡಬೇಕು. ತಿರುಗಿಸುವಾಗ ಸ್ಥಾನ ಬದಲಿಸಲು ಮರೆತರೆ ‘ವಷರ್’ ಆಗದೆ ಇನ್ನೇನಾದೀತು?

ಕಣ್ಣಿಗೆ ಕಾಣುವ ತಪ್ಪುಗಳಿಗಿಂತ ಕಾಣದ ತಪ್ಪುಗಳು ಹೆಚ್ಚು ಕಾಡಿದವು. ಅದೇ ಕೈಪಿಡಿಯ ಪ್ರತಿಯೊಂದು ಗಣಕದಲ್ಲಿಯೂ ಇತ್ತು. ಅದರಲ್ಲಿ ‘ಸಂಘ’ ಎಂದು ಹುಡುಕಿದರೆ ಅರ್ಧ ಪುಟಗಳು ಸಿಗಲೇ ಇಲ್ಲ. ಏಕೆಂದರೆ ಬೆರಳಚ್ಚಿನವರು ಎಷ್ಟೋ ಕಡೆ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದರು. ಕಾಗದದ ಮೇಲೆ ಎರಡೂ ಒಂದೇ ದುಂಡು. ಯಂತ್ರಕ್ಕೆ ಒಂದು ಅಕ್ಷರ, ಒಂದು ಅಂಕಿ. ಇದರಂತೆ ‘ಪಾಸ್‌ವರ್ಡ್’ ಎಂದು ಬಿಡಿಸಿ ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕು. ಬಿಟ್ಟರೆ ‘ಪಾಸ್ವರ್ಡ್’ ಎಂದು ಒತ್ತಕ್ಷರವಾಗಿ ಕೂಡಿಕೊಳ್ಳುವದು. ಬಿ.ಎ. ಕೊನೆಯ ವರ್ಷದವನಾದ ನನಗೂ ಇದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನು ತಾಲೂಕುಗಳ ಪಟ್ಟಿ. ‘ಗೊಕಾಕ್’, ‘ಹುಕ್ಕೆರಿ’, ‘ಮುದಲ್ಗಿ’ ಎಂದು ಅಚ್ಚಾಗಿತ್ತು. ಇಂಗ್ಲಿಷಿನಿಂದ ತಂದುದರ ಗುರುತು ಇದು; ಅವರ ಒಂದೇ ಅಕ್ಷರ ನಮ್ಮ ‘ದ’ಕಾರಕ್ಕೂ ‘ಡ’ಕಾರಕ್ಕೂ ದುಡಿಯುವದು, ಹ್ರಸ್ವ ದೀರ್ಘಗಳಿಗೆ ಬೇರೆ ಅಕ್ಷರವಿಲ್ಲ. ಹುಕ್ಕೇರಿ ತಾಲೂಕಿನಲ್ಲಿ ಹುಟ್ಟಿ ಗೋಕಾಕದಲ್ಲಿ ಓದುವ ನನಗೆ ಈ ಮೂರನ್ನು ತಿದ್ದುವಾಗ ಸ್ವಲ್ಪ ಸಿಟ್ಟೂ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಸಿಟ್ಟಿನ ಭರದಲ್ಲಿ ನಾನೂ ತಪ್ಪಿದೆ. ‘ಲಾಗಿನ್’ ಇದ್ದಲ್ಲಿ ‘ಪ್ರವೇಶ’ವೆಂದೂ, ‘ನೊಂದಣಿ’ ಇದ್ದಲ್ಲಿ ‘ನೋಂದಣಿ’ಯೆಂದೂ ತಿದ್ದಿ ಮಾವನಿಗೆ ತೋರಿಸಿದೆ. ಅವರು ಕೈಪಿಡಿಯನ್ನು ಪರದೆಯ ಪಕ್ಕದಲ್ಲಿ ಹಿಡಿದು, “ಪ್ರವೇಶ ಎಲ್ಲೈತೋ? ಇಲ್ಲಿ ಲಾಗಿನ್ ಅಂತ ಐತಿ” ಎಂದರು. ನಾನು ಬೆಪ್ಪಾದೆ. ಕೈಪಿಡಿಯನ್ನು ಜನ ಓದುವದು ಕಥೆಯಂತಲ್ಲ. ಪುಟದ ಮೇಲಿನ ಶಬ್ದವನ್ನು ಪರದೆಯ ಮೇಲಿನ ಶಬ್ದದೊಡನೆ ತಾಳೆ ನೋಡುತ್ತ ಓದುವರು. ಪರದೆಯಲ್ಲಿಯೇ ‘ನೊಂದಣಿ’ ಎಂದಿರುವಾಗ ಪುಟದಲ್ಲಿ ಮಾತ್ರ ತಿದ್ದಿದರೆ ಶುದ್ಧವಾಯಿತು ನಿಜ, ಉಪಯೋಗ ಕೆಟ್ಟಿತು. ಮೊದಲು ಪರದೆಯನ್ನು ತಿದ್ದಬೇಕು, ಆಮೇಲೆ ಪುಟವನ್ನು. ಅಲ್ಲಿಯವರೆಗೆ, ‘ಪರದೆಯಲ್ಲಿ ನೊಂದಣಿ ಎಂದಿದೆ’ ಎಂದು ಪಕ್ಕದಲ್ಲಿ ಬರೆದಿಡುವದೇ ದಾರಿ. ‘ಲಾಗಿನ್’ ಶಬ್ದವನ್ನು ಹಾಗೆಯೇ ಬಿಟ್ಟೆ. ಅದು ತಪ್ಪಲ್ಲ, ನನ್ನ ರುಚಿಗೆ ಹಿಡಿಸದ ಶಬ್ದ ಅಷ್ಟೆ. ಇದೇ ವಿಚಾರದಿಂದ ‘ಮಾಡುವದು’ ಎಂಬುದನ್ನೂ ಮುಟ್ಟಲಿಲ್ಲ. ಹಳೆಯ ಮೈಸೂರಿನವರಿಗೆ ‘ಮಾಡುವುದು’ ಸರಿ. ಧಾರವಾಡ–ಬೆಳಗಾವಿಯ ಹಳೆಯ ಪುಸ್ತಕಗಳಲ್ಲಿ ‘ಮಾಡುವದು’ ಎಂದಿದೆ, ನಾನೂ ಈ ಲೇಖನದಲ್ಲಿ ಹಾಗೆಯೇ ಬರೆಯುತ್ತಿದ್ದೇನೆ.

ಕೈಪಿಡಿಯ ತಪ್ಪಿಗೆ ಬೆಲೆ ಕಟ್ಟಿದವರೂ ಜಗತ್ತಿನಲ್ಲಿದ್ದಾರೆ. ಅಮೇರಿಕೆಯ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರು ಅಕ್ಷರಜೋಡಣೆಗಾಗಿ ‘ಟೆಕ್’ ಎಂಬ ತಂತ್ರಾಂಶವನ್ನು ರಚಿಸಿ, 1984ರಲ್ಲಿ ಅದರ ಕೈಪಿಡಿಯನ್ನೂ ತಾವೇ ಬರೆದು ಪ್ರಕಟಿಸಿದರು. ತಮ್ಮ ಪುಸ್ತಕಗಳಲ್ಲಿ ಹೊಸ ತಪ್ಪೊಂದನ್ನು ಮೊದಲು ತೋರಿಸಿದವರಿಗೆ, ಅದು ಅಚ್ಚಿನ ತಪ್ಪಾದರೂ ಸರಿ, 2 ಡಾಲರ್ 56 ಸೆಂಟುಗಳ ಚೆಕ್ಕು ಕಳಿಸುತ್ತಿದ್ದರು. 256 ಎಂಬುದು ಗಣಕದವರಿಗೆ ಪ್ರಿಯವಾದ ಸಂಖ್ಯೆ. ಪಡೆದವರು ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರಂತೆ! 2008ರಿಂದ ಚೆಕ್ಕಿನ ಬದಲು ಒಂದು ಕಾಲ್ಪನಿಕ ಬ್ಯಾಂಕಿನ ಪತ್ರವನ್ನು ಕಳಿಸತೊಡಗಿದರು.

ನಾನು ಅಂಥದನ್ನೇನೂ ನಿರೀಕ್ಷಿಸಲಿಲ್ಲ. ನಾಲ್ಕು ಅಂಕಣದ ‘ತಪ್ಪು–ಒಪ್ಪು’ ಪಟ್ಟಿಯನ್ನು ಶುದ್ಧಪ್ರತಿ ಮಾಡಿ, ಲೆಕ್ಕ ಅಳಿಸುವ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆದು, ಪರದೆಯ ತಪ್ಪುಗಳನ್ನು ಬೇರೆ ಹಾಳೆಯಲ್ಲಿಟ್ಟು, ತಂತ್ರಾಂಶ ಒದಗಿಸಿದವರಿಗೆ ಕಳಿಸಿದೆ. ಮುಂದಿನ ಮುದ್ರಣದಲ್ಲಿ ಗಮನಿಸುವದಾಗಿ ಎರಡು ಸಾಲಿನ ಉತ್ತರ ಬಂದಿದೆ. ಪಟ್ಟಿಯ ಇನ್ನೊಂದು ಪ್ರತಿಯನ್ನು ಮಾವ ಆಡಳಿತ ಮಂಡಳಿಯ ಸಭೆಗೆ ಒಯ್ದು, ಆ ಸಾಲನ್ನು ಎಲ್ಲರಿಗೂ ಕೇಳುವಂತೆ ತಾವೇ ಓದಿ ತೋರಿಸಿದರು. ಆಮೇಲೆ ಅದನ್ನು ತಮ್ಮ ಕೈಪಿಡಿಯ ಒಳಮೈಗೆ ಅಂಟಿಸಿದ್ದಾರೆ. ಯಂತ್ರದ ಮೇಲಿನ ಬಟ್ಟೆ ತೆಗೆದಿದೆ. ಮೊನ್ನೆ ಹೋದಾಗ ನಾನು ನೋಡದೆ ಬಿಟ್ಟಿದ್ದ ಇನ್ನೆರಡು ತಪ್ಪುಗಳನ್ನು ಅವರೇ ಹುಡುಕಿ, ಪಟ್ಟಿಯ ಕೆಳಗೆ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು.